ತಾಟೆಗೆ ಎಲ್ಲಿಯ ಮುಚ್ಚಳ

ಇಪ್ಪತ್ತೆರಡು ವರ್ಷ ಮೀನಿನ ಪಾಠ ಮಾಡಿದ್ದ ಲೆಕ್ಚರರು, ಮೀನು ತಿನ್ನಬೇಕೆಂಬ ಡಾಕ್ಟರ ಅಪ್ಪಣೆಯಂತೆ ಮೊದಲ ಸಲ ಮೀನು ಮಾರ್ಕೆಟ್ಟಿಗೆ ಬಂದಿದ್ದರು. ಕಿವಿರು ಕೆಂಪಗಿದ್ದರೆ ಮೀನು ತಾಜಾ ಎಂದು ಯಾರೋ ಹೇಳಿಕೊಟ್ಟಿದ್ದರು. ಬುಟ್ಟಿಯಲ್ಲಿದ್ದ ತಾಟೆಯನ್ನು, ಅಂದರೆ ಮರಿ ಶಾರ್ಕನ್ನು, ತೋರಿಸಿ, "ಇದರ ಕಿವಿರಿನ ಮುಚ್ಚಳ ಎತ್ತಮ್ಮ, ನೋಡುವ," ಎಂದರು.

ಮಾರುವವಳು ನಗಲಿಲ್ಲ. "ತಾಟೆಗೆ ಎಲ್ಲಿಯ ಮುಚ್ಚಳ ಸರ್? ಐದು ಸೀಳು, ಅಷ್ಟೆ. ಗಟ್ಟಿ ಮೂಳೆಯೂ ಇಲ್ಲ, ಎಲ್ಲ ಮೆದು. ಮುಚ್ಚಳವೇ ಬೇಕಾದರೆ ಬಂಗುಡೆ ತಕೊಳ್ಳಿ, ಅದಕ್ಕೆ ಮೂಳೆಯೂ ಉಂಟು."

ಪ್ರತಿವರ್ಷ ತಾವು ಬೋರ್ಡಿನ ಮೇಲೆ ಬರೆಯುವ ವ್ಯತ್ಯಾಸಗಳೇ ಇವು. ಲೆಕ್ಚರರು ಹುಬ್ಬೇರಿಸಿದರು.

"ಪರವಾಗಿಲ್ವೇ. ನಿನಗೆ ಇದನ್ನೆಲ್ಲ ಯಾರು ಕಲಿಸಿದ್ದು?"

"ನಿಮ್ಮ ಕ್ಲಾಸಲ್ಲಿ ತಲೆಗೆ ಹತ್ತಲಿಲ್ಲ ಸರ್. 'ಹೋಗಿ ಮೀನು ಮಾರು' ಅಂತ ನೀವೇ ಹೇಳಿದ್ರಲ್ಲ, ಇಲ್ಲಿಗೆ ಬಂದ ಮೇಲೆ ಕಲಿತೆ."