ಮೈಕ್ ಸಿಗುತ್ತಿಲ್ಲ

‘ಬಸ್ಸು ಹೊರಡ್ತಿಲ್ಲ. ಇವತ್ತಿಗೆ ಮೂರು ದಿನ’ ಎಂದು ಚೀಟಿ ಬರೆದು, ಕೀಬೋರ್ಡಿನ ಮೇಲಿಟ್ಟು ಅಪ್ಪ ಸಂಜೆಯ ವಾಕಿಂಗಿಗೆ ಹೋಗಿದ್ದರು. ಕೆಲಸದಿಂದ ಬಂದ ಮಗಳು ಕೈಕಾಲು ತೊಳೆದವಳೇ ಕಂಪ್ಯೂಟರಿನ ಮುಂದೆ ಕೂತಳು. ಅವಳು ಲಿಫ್ಟ್ ಮೆಕ್ಯಾನಿಕ್. ನಿಂತುಹೋದ ಯಂತ್ರ ಕಂಡರೆ ಅವಳ ಕೈ ಸುಮ್ಮನಿರದು.

ಬಸ್ಸೆಂದರೆ ಕಂಪ್ಯೂಟರ್ ಆಟದೊಳಗಿನ ಬಸ್ಸು. ಇಪ್ಪತ್ತೆಂಟು ವರ್ಷ ನಿಜವಾದ ಬಸ್ಸನ್ನೇ ಓಡಿಸಿದವರು ಅಪ್ಪ. ಹದಿನಾಲ್ಕು ತಿಂಗಳ ಹಿಂದೆ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಬಸ್ಸು ಗೋಡೆಗೆ ಗುದ್ದಿ, ಜೊತೆಗಿದ್ದ ಕಂಡಕ್ಟರ್ ತೀರಿಕೊಂಡ. ಅಂದಿನಿಂದ ಅಪ್ಪ ಸ್ಟೀರಿಂಗ್ ಮುಟ್ಟಿರಲಿಲ್ಲ. ಒಂದು ಮಾತೂ ಆಡಿರಲಿಲ್ಲ. ಗಂಟಲಿಗೇನೂ ಆಗಿಲ್ಲ, ಮಾತು ತಾನಾಗಿ ಬರಬೇಕು ಎಂದಿದ್ದರು ಡಾಕ್ಟರು. ಹೊತ್ತು ಹೋಗಲಿ ಎಂದು ಮಗಳೇ ಈ ಆಟ ಹಾಕಿಕೊಟ್ಟಿದ್ದಳು. ಆಟ ವಿಂಡೋಸಿನದು, ಮನೆಯ ಹಳೇ ಕಂಪ್ಯೂಟರಿನಲ್ಲಿದ್ದದ್ದು ಲಿನಕ್ಸ್. ವೈನ್ ಎಂಬ ತಂತ್ರಾಂಶ ದುಭಾಷಿಯ ಹಾಗೆ ನಡುವೆ ನಿಂತು ಎರಡನ್ನೂ ಹೊಂದಿಸುತ್ತಿತ್ತು.

“ಮತ್ತೆ ಆ ವೈನಾ?” ಅಡುಗೆಮನೆಯಿಂದ ಅಮ್ಮ ಇಣುಕಿದಳು. “ಅಕ್ಕಪಕ್ಕದವರ ಮುಂದೆ ಆ ಹೆಸರು ಎತ್ತಬೇಡ ಕಣೇ. ಮಗಳೇ ಅಪ್ಪನಿಗೆ ಕುಡಿಸ್ತಿದಾಳೆ ಅಂದ್ಕೊಂಡಾರು.”

“ಮೊನ್ನೆ ಸಿಸ್ಟಮ್ ಅಪ್‌ಡೇಟ್ ಮಾಡಿದ್ನಲ್ಲಮ್ಮ, ಆಗ ನಾನೇ ಏನೋ ಎಡವಟ್ಟು ಮಾಡಿದೀನಿ.”

ಆಟ ತೆರೆಯಿತು, ಪರದೆ ಕಪ್ಪಾಯಿತು, ಮುಚ್ಚಿಕೊಂಡಿತು. ಚಿತ್ರದ ಸೆಟ್ಟಿಂಗ್ ಬದಲಿಸಿದಳು. ವೈನಿನ ಹಳೆಯ ಆವೃತ್ತಿ ಹಾಕಿ ನೋಡಿದಳು. ಊಹೂಂ. ಕೊನೆಗೆ ಆಜ್ಞೆ ಟೈಪ್ ಮಾಡುವ ಟರ್ಮಿನಲ್ ಕಿಟಕಿಯಿಂದ ಆಟ ಶುರುಮಾಡಿ, ಸಾಲುಸಾಲಾಗಿ ಉದುರುವ ವರದಿಯನ್ನು ಓದತೊಡಗಿದಳು. ಕಟ್ಟಕಡೆಯ ಸಾಲು: ಮೈಕ್ ಸಿಗುತ್ತಿಲ್ಲ.

ಮೈಕಾ? ಮಾತೇ ಆಡದವರಿಗೆ ಮೈಕ್ ಯಾಕೆ? ಆಟದ ಸೆಟ್ಟಿಂಗ್ ಫೈಲು ತೆಗೆದಳು. ಜೊತೆ ಆಟಗಾರರೊಂದಿಗೆ ಮಾತು: ಹೌದು. ಮೈಕ್: ಸದಾ ತೆರೆದಿರಲಿ. ಇದನ್ನು ಅವಳು ಹಾಕಿದ್ದಲ್ಲ. ಬೆಳಿಗ್ಗೆ ಅವಳು ಲಿಫ್ಟುಗಳ ಕಡೆಗೂ ಅಮ್ಮ ಗಾರ್ಮೆಂಟ್ಸಿಗೂ ಹೋದ ಮೇಲೆ ಮನೆಯಲ್ಲಿ ಇರುತ್ತಿದ್ದವರು ಅಪ್ಪ ಒಬ್ಬರೇ.

ಅಪ್‌ಡೇಟಿನಿಂದ ಮೈಕ್ ಇದ್ದ ಹೆಡ್‌ಸೆಟ್ಟಿನ ಹೆಸರು ಕಂಪ್ಯೂಟರಿನಲ್ಲಿ ಬದಲಾಗಿ ಆಟಕ್ಕೆ ಅದರ ಗುರುತು ಹತ್ತಿರಲಿಲ್ಲ, ಅಷ್ಟೇ. ಹೊಸ ಹೆಸರು ತುಂಬಿದಳು. ಪರದೆಯ ಮೇಲೆ ಬೆಟ್ಟದ ರಸ್ತೆ ಮೂಡಿತು. ನೆತ್ತಿಯಲ್ಲಿ ಐದಾರು ಬಸ್ಸುಗಳು ಸಾಲಾಗಿ ನಿಂತಿದ್ದವು. ಹೆಡ್‌ಸೆಟ್ ಕಿವಿಗಿಡುವಷ್ಟರಲ್ಲಿ ಒಂದು ಹೆಣ್ಣುದನಿ:

“ಅಬ್ಬಾ, ಬಂದ್ರಾ ಮೇಷ್ಟ್ರೇ! ಎಲ್ಲಿ ಹೋಗಿದ್ರಿ? ‘ಹೆದರಬೇಡ, ಎರಡನೇ ಗೇರಲ್ಲೇ ಇಳಿಸು’ ಅನ್ನೋರಿಲ್ದೆ ನಮ್ಮ ಬಸ್ಸುಗಳೆಲ್ಲ ಮೇಲೇ ನಿಂತಿವೆ.”

“ಬಸ್ಸು ಹಾಗಿರಲಿ,” ಎಂದಿತು ಒಂದು ಗಂಡುದನಿ. “ಆ ಕಂಡಕ್ಟರ್ ವಿಷಯ ಹೇಳ್ತಾ ಹೇಳ್ತಾ ಅತ್ತುಬಿಟ್ರಲ್ಲ ಮೇಷ್ಟ್ರೇ, ಆಮೇಲೆ ನೀವು ಬರಲೇ ಇಲ್ಲ. ನಮಗೆಲ್ಲ ಜೀವ ಕೈಯಲ್ಲಿ ಹಿಡ್ಕೊಂಡ ಹಾಗಾಗಿತ್ತು. ಹುಷಾರಾಗಿದೀರಾ?”

ಕೆಂಡ ಮುಟ್ಟಿದವಳಂತೆ ಮಗಳು ಹೆಡ್‌ಸೆಟ್ ಕಿತ್ತಿಟ್ಟಳು. “ಅಮ್ಮಾ!”

ಆ ಕೂಗಿಗೆ ಅಮ್ಮ ಒದ್ದೆ ಕೈಯಲ್ಲೇ ಓಡಿಬಂದಳು. “ಏನೇ, ಪೂರ್ತಿ ಕೆಟ್ಟೋಯ್ತಾ?”

“ಅಪ್ಪ ಮಾತಾಡ್ತಾರಮ್ಮ.”

ಅಮ್ಮ ತಟ್ಟನೆ ಬಾಗಿಲ ಕಡೆ ತಿರುಗಿದಳು. ಅಲ್ಲಿ ಯಾರೂ ಇರಲಿಲ್ಲ. “ಯಾವಾಗ?”

“ದಿನಾ.”

“ಯಾರ ಹತ್ರ?”

ಮಗಳು ಪರದೆಯ ಕಡೆ ಕೈ ತೋರಿಸಿದಳು. ಮೇಜಿನ ಮೇಲಿದ್ದ ಹೆಡ್‌ಸೆಟ್ಟಿನಿಂದ ‘ಮೇಷ್ಟ್ರೇ? ಮೇಷ್ಟ್ರೇ?’ ಎಂದು ಸಣ್ಣಗೆ ಕೇಳುತ್ತಿತ್ತು.

ಅಮ್ಮ ಬಗ್ಗಿ ಹೆಡ್‌ಸೆಟ್ಟನ್ನೇ ನೋಡಿದಳು. ಹದಿನಾಲ್ಕು ತಿಂಗಳಿಂದ ಊಟಕ್ಕೆ ಕರೆದರೆ ತಲೆ, ಬೇಡವಾದರೆ ಕೈ ಆಡಿಸುತ್ತಿದ್ದ ಮನುಷ್ಯ. ಈಗ ಸಿಟ್ಟಾಗುತ್ತಾಳೆ ಎಂದುಕೊಂಡಳು ಮಗಳು. ಇಲ್ಲ, ಅಳುತ್ತಾಳೆ ಎಂದುಕೊಂಡಳು. ಅಮ್ಮ ಎರಡನ್ನೂ ಮಾಡಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ಕುರ್ಚಿ ಎಳೆದು ಕೂತು, ಹೆಡ್‌ಸೆಟ್ಟನ್ನು ಹಿಂದುಮುಂದಾಗಿ ತಲೆಗೆ ಸಿಕ್ಕಿಸಿಕೊಂಡಳು. ಮಗಳು ಅದನ್ನು ತಿರುಗಿಸಿ ಸರಿಮಾಡಿ, ಮೈಕನ್ನು ಅವಳ ತುಟಿಯ ಹತ್ತಿರಕ್ಕೆ ತಂದಳು.

“ನಮಸ್ಕಾರ,” ಎಂದಳು ಅಮ್ಮ, ಗುರುತಿಲ್ಲದವರ ಮನೆಬಾಗಿಲಲ್ಲಿ ನಿಂತವಳ ಹಾಗೆ. “ನಾನು ನಿಮ್ಮ ಮೇಷ್ಟ್ರ ಹೆಂಡ್ತಿ. ಅವರ ದನಿ ಈಗ ಹೇಗಿದೆ, ಒಂಚೂರು ಹೇಳ್ತೀರಾ?”