ಭಾನುವಾರ ಹೇಳಿದ ಮಾತು

ಅರ್ಧ ಗಡ್ಡ ಬೋಳಿಸಿಯಾಗಿತ್ತು. ಇನ್ನರ್ಧಕ್ಕೆ ಸೋಪು ಹಚ್ಚುವಷ್ಟರಲ್ಲಿ ಬಾಗಿಲು ಬಡಿದರು. ಇಬ್ಬರು ಸಿಪಾಯಿಗಳು. ಹೊರಗೆ ಎಂಜಿನ್ ಆರಿಸದ ಜೀಪು.

“ಅಯ್ಯನವರೇ, ನೀವು ಬರಬೇಕಂತೆ.”

ಬಡಾವಣೆಯ ಪ್ರಾರ್ಥನಾಲಯದಲ್ಲಿ ಬೋಧಿಸುವ ಅವರನ್ನು ಎಲ್ಲರೂ ಕರೆಯುತ್ತಿದ್ದುದು ಹಾಗೆಯೇ. ಯಾರು ಬರಹೇಳಿದರು ಎಂದು ಅವರು ಕೇಳಲಿಲ್ಲ. ಆ ಊರಿನಲ್ಲಿ ಯಾರೂ ಕೇಳುತ್ತಿರಲಿಲ್ಲ.

ಹೆಂಡತಿ ಬೆಳಗಿನಿಂದ ಬರೀ ವಾದ್ಯ ನುಡಿಸುತ್ತಿದ್ದ ರೇಡಿಯೋ ಆರಿಸಿ, ಟವೆಲ್ ತಂದು ಅವರ ಮುಖ ಒರೆಸಿದಳು. “ಬಾಯಿಗೆ ಬೀಗ ಹಾಕ್ಕೊಳ್ಳಿ ಅಂತ ಬಡ್ಕೊಂಡೆ. ನೀವು ಹೇಳ್ದೆ ಇದ್ರೆ ದೇವರಿಗೆ ಮರೆತುಹೋಗ್ತಿತ್ತಾ?” ಆಮೇಲೆ ಕಿವಿಯ ಬಳಿ, ಸಣ್ಣಗೆ: “ಅಲ್ಲಾದ್ರೂ ತಗ್ಗಿ ನಡೀರಿ. ಮಗಳು ಅವರ ಕೈಲಿದ್ದಾಳೆ.”

ಮಗಳು ನರ್ಸು. ಮೆರವಣಿಗೆಯಲ್ಲಿ ಪೆಟ್ಟು ತಿಂದವರ ತಲೆಗೆ ಬ್ಯಾಂಡೇಜು ಕಟ್ಟಿದ್ದೇ ಅವಳ ಅಪರಾಧ. ಚಳಿಗಾಲದಿಂದ ಜೈಲಿನಲ್ಲಿದ್ದಳು.

ಆ ಊರಿನ ಬೋಧಕರು ದೇಶ ಆಳುತ್ತಿದ್ದ ನಾಯಕನ ಹೆಸರೆತ್ತುತ್ತಿರಲಿಲ್ಲ. ಬೈಬಲಿನಲ್ಲಿ ಸೊಕ್ಕಿ ಬಿದ್ದ ಬಾಬೆಲಿನ ಅರಸನ ಕಥೆ ಹೇಳುತ್ತಿದ್ದರು. ಕೇಳುವವರು ತಲೆ ತಗ್ಗಿಸಿ ಅರ್ಥ ಮಾಡಿಕೊಳ್ಳುತ್ತಿದ್ದರು. ಕಳೆದ ಭಾನುವಾರ ಅಯ್ಯನವರು ಆ ಮುಸುಕು ತೆಗೆದಿದ್ದರು. ಪ್ರವಾದಿಯ ಗ್ರಂಥವನ್ನು ಮುಚ್ಚಿಟ್ಟು ಹೇಳಿದ್ದರು: “ಬಾಬೆಲನ್ನು ಎತ್ತಿದ ಕೈಯೇ ಅದನ್ನು ಕೆಡವಿತು. ನಮ್ಮ ನಾಯಕನನ್ನು ಕೂರಿಸಿದ್ದೂ ಅದೇ ಕೈ. ಇಳಿಸುವುದೂ ಅದೇ.” ಯಾರೂ ಆಮೆನ್ ಎನ್ನಲಿಲ್ಲ. ಹಿಂದಿನ ಬೆಂಚಿನಲ್ಲಿ ಬೇಕರಿಯವನು ಕೆಮ್ಮಿದ, ಅಷ್ಟೆ.

ಜೀಪು ದಾರಿಯ ತಪಾಸಣಾ ಠಾಣೆಯ ಬಳಿ ನಿಧಾನಿಸಲೂ ಇಲ್ಲ. ಅಡ್ಡಗಂಬ ಮೇಲೆತ್ತಿಯೇ ಇತ್ತು. ಇವರಿಗೆ ಯಾರ ತಡೆ, ಎಂದುಕೊಂಡರು.

ಕರೆದೊಯ್ದ ಕೋಣೆಯಲ್ಲಿ ಒಂದು ಮೇಜು, ಮೈಕು, ಪರದೆ ಎಳೆದ ಗಾಜಿನ ಕಿಟಕಿ. ಗೋಡೆಯ ಮೇಲೆ, ಪಟ ತೆಗೆದಲ್ಲಿ, ಬಣ್ಣ ಮಾಸದ ಒಂದು ಚೌಕ. ಅಧಿಕಾರಿಯ ಅಂಗಿಯ ಭುಜದಲ್ಲಿ ಪಟ್ಟಿ ಕಿತ್ತ ಜಾಗದಿಂದ ದಾರದೆಳೆಗಳು ಇಣುಕುತ್ತಿದ್ದವು. ಯಾರೆಂದು ಗುರುತು ಹತ್ತಬಾರದು, ಅದಕ್ಕೇ ಇರಬೇಕು.

“ಭಾನುವಾರ ಏನು ಹೇಳಿದ್ರಿ ಅಂತ ನಮಗೆ ಗೊತ್ತು,” ಎಂದ ಅಧಿಕಾರಿ. “ನಿಮ್ಮ ಮಗಳಿಗೂ ಗೊತ್ತು. ಜೈಲಿಗೆ ಸುದ್ದಿ ಬೇಗ ಹೋಗುತ್ತೆ.”

“ಅವಳು…”

“ಇಲ್ಲೇ ಇದ್ದಾಳೆ. ಆಮೇಲೆ ನೋಡೋರಂತೆ. ಮೊದಲು ಆ ಮಾತು ಇಲ್ಲಿ ಇನ್ನೊಮ್ಮೆ ಹೇಳಿ. ಒಂದಕ್ಷರ ಬಿಡಬೇಡಿ.”

ಅಯ್ಯನವರು ಮೈಕನ್ನು ನೋಡಿದರು. ಗಾಯ ಕಟ್ಟುವ ಅವಳ ಬೆರಳುಗಳು ಕಣ್ಣಮುಂದೆ ಬಂದವು. ಭಾನುವಾರ ಅಷ್ಟು ಗಟ್ಟಿಯಾಗಿ ಸಿಕ್ಕಿದ್ದ ಆ ಇನ್ನೊಂದು ಕೈಗಾಗಿ, ದೇವರ ಕೈಗಾಗಿ, ಒಳಗೆಲ್ಲ ತಡಕಾಡಿದರು. ಒಳಗೆ ಮೌನವಿತ್ತು. ಬೇರೇನೂ ಇರಲಿಲ್ಲ.

“ನಾನು ಹೇಳಿದ್ದು ಹಳೇ ಬಾಬೆಲಿನ ವಿಷಯ, ಸಾರ್. ಇಲ್ಲಿಯದಲ್ಲ.”

ಅಧಿಕಾರಿ ಪರದೆಯತ್ತ ಕಣ್ಣು ಹಾಯಿಸಿದ. “ಯೋಚಿಸಿ ಹೇಳಿ ಅಯ್ಯನವರೇ. ಅವಳು ನಿಮ್ಮನ್ನೇ ನಂಬಿ ಕೂತಿದ್ದಾಳೆ.”

ಬೆದರಿಕೆ ಅರ್ಥವಾಯಿತು. ಆಮೇಲೆ ಮಾತು ತಾನಾಗಿ ಬಂತು, ಅವರಿಗೇ ನಾಚಿಕೆಯಾಗುವಷ್ಟು ಸಲೀಸಾಗಿ. “ನಮ್ಮ ನಾಯಕರನ್ನ ನೇಮಿಸಿದ್ದು ದೇವರು. ಅವರ ಆಳ್ವಿಕೆಗೆ ಕೊನೆಯಿಲ್ಲ. ಪ್ರವಾದಿಗಳ ಕಾಲ ಮುಗೀತು, ಸಾರ್. ದೇಶಗಳ ವ್ಯವಹಾರಕ್ಕೆ ದೇವರು ಈಗ ಕೈ ಹಾಕೋದಿಲ್ಲ.”

“ಹಾಕ್ತಾನೆ ಅಂತ ನಿಮ್ಮ ಮಗಳು ಹೇಳ್ತಾಳಲ್ಲ?”

“ಅವಳಿಗೆ ತಿಳಿವಳಿಕೆ ಸಾಲದು. ಬಿಟ್ಟುಬಿಡಿ ಅವಳನ್ನ.”

ಅಧಿಕಾರಿ ಮೈಕು ಆರಿಸಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಸಾವಿನ ಮನೆಗೆ ಬಂದವನಂತೆ ದನಿ ತಗ್ಗಿಸಿದ.

“ನಾಯಕ ಬೆಳಗಿನ ಜಾವವೇ ಗಡಿ ದಾಟಿ ಓಡಿಹೋದ, ಅಯ್ಯನವರೇ. ನಾವು ಅವನಿಗೆ ತಿರುಗಿಬಿದ್ದು ಜೈಲೆಲ್ಲಾ ತೆರೆಸಿದ್ದೀವಿ. ಆ ಸುದ್ದಿಗೆ ಮುಂಚೆ ರೇಡಿಯೋದಲ್ಲಿ ಊರಿಗೆ ನಿಮ್ಮ ಭಾನುವಾರದ ಮಾತು ಕೇಳಿಸಬೇಕು ಅಂತಿತ್ತು.”

ಅವನು ಪರದೆ ಸರಿಸಿದ. ‘ಅವರಿಗೆ ಮೊದಲೇ ಏನೂ ತಿಳಿಸಬೇಡಿ, ಪ್ರಾಣ ಹೋದರೂ ಅಪ್ಪ ಅದನ್ನೇ ಹೇಳುತ್ತಾರೆ’ ಎಂದು ಅಧಿಕಾರಿಗಳನ್ನೆಲ್ಲ ಒಪ್ಪಿಸಿದ್ದ ಮಗಳು ಗಾಜಿನಾಚೆ ಕಿವಿಯಿಂದ ಹೆಡ್‌ಫೋನ್ ತೆಗೆಯುತ್ತಿದ್ದಳು.