ಯುವನೌಕೆಗೆ ಕಿವಿಪರೀಕ್ಷೆ

2091ರ ಮಾರ್ಚ್ 3, ಬೆಳಿಗ್ಗೆ 10 ಗಂಟೆ 40 ನಿಮಿಷ. ಕಾರವಾರದ ಶ್ರವಣಕೇಂದ್ರದಲ್ಲಿ ವಿನೋದಾ ಸ್ಪೀಕರಿನ ಮುಂದೆ ಕುಳಿತಿದ್ದಳು. ವಯಸ್ಸಾದಂತೆ ಕಿವಿಗೆ ಸಿಗದಾಗುವ 15,000 ಹರ್ಟ್ಸ್‌ನ ಕೀರಲು ಸದ್ದು ಕೇಳಿಸುವವರು ಮಾತ್ರ ಕಾನೂನಿನ ಪ್ರಕಾರ ಯುವಜನರು. ದಕ್ಷಿಣ ಧ್ರುವದ ಕಡೆಗೆ ಹೋಗುವ ಯುವನೌಕೆಯಲ್ಲಿ ಅವರಿಗಷ್ಟೇ ಜಾಗ. ಆರು ವರ್ಷ ಕಾದ ಮೇಲೆ ಅವಳ ಸರದಿ ಬಂದಿತ್ತು. ಕಡಲ ಮೇಲೆ ತೇಲುವ ಮಂಜುಗಡ್ಡೆಯನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬುದೇ ಅವಳ ಆಸೆ.

"ಸದ್ದು ಕೇಳಿದಾಗ ಕೈ ಎತ್ತಮ್ಮ," ಎಂದರು ಪರೀಕ್ಷಕಿ ತಾಂಡೇಲ.

ಬಾಗಿಲಲ್ಲಿ ಮಲಗಿದ್ದ ನಾಯಿಯ ಕಿವಿ ನಿಮಿರಿದಾಗಲೆಲ್ಲ ವಿನೋದಾ ಕೈ ಎತ್ತಿದಳು. ಮೂರನೆಯ ಸಲಕ್ಕೆ ತಾಂಡೇಲ ನಕ್ಕುಬಿಟ್ಟರು.

"ನಾಯಿ ಪಾಸಾಯ್ತು, ಅದನ್ನ ಹಡಗು ಹತ್ತಿಸ್ತೀನಿ. ನೀನು ಈ ಕಡೆ ನೋಡು."

"ಮೇಡಂ, ಅಲ್ಲಿ ಮಂಜು ಕರಗ್ತಾ ಇದೆ. ಇನ್ನೊಂದು ಸಲ ಹಾಕಿ."

"ಬೇಕಾದ್ರೆ ಐದು ಸಲ ಹಾಕ್ತೀನಿ."

ತಾಂಡೇಲ ನಾಯಿಯನ್ನು ಹೊರಗೆ ಕಳಿಸಿ ಬಾಗಿಲು ಮುಚ್ಚಿ ಬಂದರು. ವಿನೋದಾ ಕಣ್ಣು ಮುಚ್ಚಿದಳು. ಐದು ಸಲವೂ ಅವಳಿಗೆ ಕೇಳಿಸಿದ್ದು ತನ್ನ ಉಸಿರು ಮಾತ್ರ. ಆಮೇಲೆ ತಾಂಡೇಲ ಸದ್ದಿನ ಶ್ರುತಿಯನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತ ಬಂದರು. ಕೊನೆಗೆ ಕೂದಲೆಳೆಯಷ್ಟು ತೆಳ್ಳಗಿನ ಸದ್ದೊಂದು ಕೇಳಿತು. ವಿನೋದಾ ಎತ್ತಿದ ಕೈಯನ್ನು ಬಹಳ ಹೊತ್ತು ಇಳಿಸಲಿಲ್ಲ. ಯಂತ್ರ ತೋರಿಸಿದ್ದು 14,300 ಹರ್ಟ್ಸ್.